ಕಾಲ್ಪನಿಕ ಇಂಜಿನ್ ಲೀಸಿಂಗ್ ಕಂಪನಿ ಕಟ್ಟೋದು ಹೇಗೆ? ಎಚ್‌ಒ ಸ್ಕೇಲ್, ಅಮೆರಿಕ, 1995

ಕುಂದಾನಗರಿ_ಎಚ್‌ಒ, ಬೆಳಗಾವಿ

ಎಲ್ಲರಿಗೂ ನಮಸ್ಕಾರ್ರೀ. ಗೋಡೆಗೆ ಹೊಂದಿಸಿದ 12 ಅಡಿ ಉದ್ದ, ಒಂದೂವರೆ ಅಡಿ ಅಗಲದ ಶೆಲ್ಫ್ ಮೇಲೆ ಎಚ್‌ಒ ಸ್ಕೇಲಿನ (ಅಸಲಿನ 87ರಲ್ಲಿ ಒಂದು ಪಾಲು) ಮಾಡೆಲ್ ರೈಲಿನ ಲೇಔಟ್. ಅಮೆರಿಕದ ಒಂದು ಕಾಲ್ಪನಿಕ ಶಾರ್ಟ್‌ಲೈನ್ (ಸಣ್ಣ ಸ್ಥಳೀಯ ರೈಲ್ವೆ), ಕಾಲ 1995. ಸಾಗಣೆ ಧಾನ್ಯ ಮತ್ತು ಸಿಮೆಂಟ್. ಒಂದು ತುದಿಯಲ್ಲಿ ದೊಡ್ಡ ರೈಲ್ವೆಗೆ ಕೂಡುವ ಇಂಟರ್‌ಚೇಂಜ್ ಹಳಿ ಇದೆ. ಇಂಜಿನ್ ಐದು, ಐದೂ ಸೆಕೆಂಡ್ ಹ್ಯಾಂಡ್: ಎರಡು ಎಸ್‌ಡಿ40-2, ಒಂದು ಜಿಪಿ40, ಒಂದು ಜಿಪಿ38-2, ಒಂದು ಡ್ಯಾಶ್ 8-40ಬಿ. ಒಂದೊಂದಕ್ಕೆ ಒಂದೊಂದು ರೈಲ್ವೆಯ ಬಣ್ಣ. ಹಾಗೇ ಓಡಿಸಿದರೆ ಜಾತ್ರೆ ಅನಿಸುತ್ತದೆ, ಎಲ್ಲಕ್ಕೂ ಒಂದೇ ಬಣ್ಣ ಬಳಿದರೆ ಶಾರ್ಟ್‌ಲೈನಿಗೆ ಇಷ್ಟು ದುಡ್ಡು ಎಲ್ಲಿಂದ ಬಂತು ಅನ್ನೋ ಪ್ರಶ್ನೆ. ಹಾಗಾಗಿ ಇವನ್ನು ಬಾಡಿಗೆ ಇಂಜಿನ್ ಮಾಡಿ, ಬಾಡಿಗೆ ಕೊಡುವ ಕಂಪನಿಯನ್ನೂ ನಾವೇ ಹುಟ್ಟಿಸೋಣ ಅಂತ.

ಕೇಳಬೇಕಾದ್ದು ಇಷ್ಟು. ಐದಕ್ಕೂ ಒಂದೇ ಕಂಪನಿ ಸಾಕೇ? ನಮ್ಮ ಹೊಳಿ ಹೆಸರಿಡುವ ಆಸೆ: ಮಲಪ್ರಭಾ ಮೋಟಿವ್ ಪವರ್ ಲೀಸಿಂಗ್, ಗುರುತು ಎಂಎಂಪಿಎಲ್‌ಎಕ್ಸ್. ನಡೆಯುತ್ತದೆಯೇ? ಪೂರ್ತಿ ಬಣ್ಣ ಬಳಿಯಬೇಕೋ, ಹಳೇ ಹೆಸರಷ್ಟೇ ಮುಚ್ಚಿದರೆ ಸಾಕೋ? ಮನೆಯಲ್ಲಿರುವುದು ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಮಾತ್ರ.

---

ಡಬಲ್‌ಹೆಡ್ಡರ್, ಬಾಗಲಕೋಟೆ

ಬಣ್ಣ ಆಮೇಲೆ ನೋಡೋಣ ಸರ್. ಮೊದಲು ಕರಾರು ಬರೆದುಕೊಳ್ಳಿ. ಇಂಜಿನ್ ಯಾರದು, ಎಷ್ಟು ಕಾಲಕ್ಕೆ ಕೊಟ್ಟಿದ್ದಾರೆ, ರಿಪೇರಿ ಯಾರ ಕೊರಳಿಗೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಇಂಜಿನ್ನಿಗೆ ಎಷ್ಟು ಬಣ್ಣ ಅನ್ನೋದು ತಾನೇ ಗೊತ್ತಾಗುತ್ತದೆ. ಲಾವಣಿಗೆ ಹಿಡಿದ ಹೊಲಕ್ಕೆ ಯಾರೂ ಕಲ್ಲಿನ ಕಾಂಪೌಂಡ್ ಕಟ್ಟಿಸೋದಿಲ್ಲ ನೋಡಿ, ಇಲ್ಲೂ ಹಾಗೇ.

ಅಮೆರಿಕದಲ್ಲಿ ಸ್ಥೂಲವಾಗಿ ಮೂರು ಬಗೆಯ ಮಾಲೀಕರು.

ಮೊದಲನೆಯವರು ಡೀಲರ್‌ಗಳು. ದೊಡ್ಡ ರೈಲ್ವೆಗಳು ಮಾರಿದ ಹಳೇ ಇಂಜಿನ್ ಕೊಂಡು, ಓಡುವಷ್ಟು ರಿಪೇರಿ ಮಾಡಿ, ದಿನದ ಲೆಕ್ಕದಲ್ಲೋ ತಿಂಗಳ ಲೆಕ್ಕದಲ್ಲೋ ಬಾಡಿಗೆಗೆ ಬಿಡುವವರು. ಸುಗ್ಗಿಯಲ್ಲಿ ಧಾನ್ಯದ ಲೋಡ್ ಏರಿದಾಗ ಎರಡು ತಿಂಗಳಿಗೆ ಇಂಜಿನ್ ಬೇಕೆಂದರೆ ರೈಲ್ವೆಗಳು ಹೋಗುವುದು ಇವರ ಹತ್ತಿರ. ಮುಂದಿನ ಗಿರಾಕಿ ಯಾರೋ ಗೊತ್ತಿಲ್ಲ, ಅದಕ್ಕೆ ಬಣ್ಣಕ್ಕೆ ದುಡ್ಡು ಹಾಕೋದಿಲ್ಲ. ಹಳೇ ರೈಲ್ವೆಯ ಹೆಸರಿನ ಮೇಲೆ ಒಂದು ಚೌಕ ಬಣ್ಣ (ಪ್ಯಾಚ್), ಕ್ಯಾಬ್ ಕಿಟಕಿಯ ಕೆಳಗೆ ಹೊಸ ಗುರುತು ಮತ್ತು ನಂಬರ್, ಮುಗೀತು. ಹೆಲ್ಮ್ ಕಂಪನಿಯ ಎಚ್‌ಎಲ್‌ಸಿಎಕ್ಸ್ ಗುರುತಿನ ಇಂಜಿನ್‌ಗಳ ಫೋಟೋ ನೋಡಿ. ಅಡಿಯಲ್ಲಿ ಯಾವ ರೈಲ್ವೆಯ ಬಣ್ಣ ಇತ್ತು ಅನ್ನೋದು ದೂರದಿಂದಲೇ ತಿಳಿಯುತ್ತದೆ.

ಎರಡನೆಯವರು ಇಂಜಿನ್ ಕಟ್ಟುವವರೇ ಹಿಂದೆ ನಿಂತು ನಡೆಸುವ ಲೀಸ್. ಬರ್ಲಿಂಗ್ಟನ್ ನಾರ್ದರ್ನ್ ರೈಲ್ವೆ 1986ರಲ್ಲಿ ಓಕ್‌ವೇ ಕಂಪನಿಯಿಂದ 100 ಎಸ್‌ಡಿ60 ತೆಗೆದುಕೊಂಡಿತು, ನಂಬರ್ 9000ದಿಂದ 9099. ಮರುವರ್ಷ ಜನರಲ್ ಎಲೆಕ್ಟ್ರಿಕ್ ಕಡೆಯ ಎಲ್‌ಎಂಎಕ್ಸ್ ಗುರುತಿನಲ್ಲಿ 100 ಬಿ39-8 ಬರತೊಡಗಿದವು, ನಂಬರ್ 8500ದಿಂದ 8599. ರೈಲ್ವೆ ಕೊಡುತ್ತಿದ್ದುದು ಇಂಜಿನ್ ಉತ್ಪಾದಿಸಿದ ವಿದ್ಯುತ್ತಿನ ಲೆಕ್ಕದಲ್ಲಿ ಬಾಡಿಗೆ. ಓಡದೆ ನಿಂತ ಇಂಜಿನ್ ದುಡಿಯೋದಿಲ್ಲ, ಹಾಗಾಗಿ ಅದನ್ನು ಸುಸ್ಥಿತಿಯಲ್ಲಿ ಇಡುವ ಗರಜು ಕೊಟ್ಟವರಿಗೇ. ಇಂಥ ಪಡೆಗೆ ಮಾಲೀಕರದೇ ಪೂರ್ತಿ ಬಣ್ಣ, ಸಾಲಾದ ನಂಬರ್, ಎಲ್ಲ ಒಂದೇ ಮಾಡೆಲ್. ಓಕ್‌ವೇ ಇಂಜಿನ್‌ಗಳು ಅವನ್ನು ಕಟ್ಟಿದ ಇಎಂಡಿ ಕಂಪನಿಯ ಪ್ರದರ್ಶನ ಇಂಜಿನ್‌ಗಳ ನೀಲಿ-ಬಿಳಿಯಲ್ಲೇ ಓಡಿದವು.

ಮೂರನೆಯದು ಬ್ಯಾಂಕು. ಕಾಗದದ ಮೇಲೆ ಇಂಜಿನ್ ಬ್ಯಾಂಕಿನದೋ ಟ್ರಸ್ಟಿನದೋ, ಆದರೆ ಮೈತುಂಬ ರೈಲ್ವೆಯದೇ ಬಣ್ಣ, ರೈಲ್ವೆಯದೇ ನಂಬರ್. ಫ್ರೇಮಿನ ಬದಿಗೆ ಒಂದು ಸಣ್ಣ ತಗಡು, ಅದರಲ್ಲಿ ಮಾಲೀಕರ ಹೆಸರು. ಮಾಡೆಲ್ ಮೇಲೆ ಅದು ಒಂದು ಬೂದು ಚುಕ್ಕೆ ಅಷ್ಟೇ.

ಈಗ ನಿಮ್ಮ ಐದನ್ನು ಹಂಚಿ. ಎಸ್‌ಡಿ40-2 ಬಂದದ್ದು 1972ರಲ್ಲಿ, ಜಿಪಿ40 ಅದಕ್ಕೂ ಮೊದಲು, 1965ರಿಂದ 1971. ನಿಮ್ಮ 1995ಕ್ಕೆ ಮೂರೂ ಡೀಲರ್ ಅಂಗಳಕ್ಕೆ ಬರುವ ವಯಸ್ಸಿನವು. ಡ್ಯಾಶ್ 8-40ಬಿ ಹಾಗಲ್ಲ. ಅದು 80ರ ದಶಕದ ಕೊನೆಯದು, 1995ಕ್ಕೆ ಇನ್ನೂ ಎಳೇ ಇಂಜಿನ್. ಅದಕ್ಕೆ ಪ್ಯಾಚ್ ಬಳಿದು ಡೀಲರ್ ಪಡೆಗೆ ಸೇರಿಸಿದರೆ ತಿಳಿದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅದನ್ನು ಎರಡನೇ ಬಗೆಯ ಕಂಪನಿಗೆ ಕೊಡಿ. ಪೂರ್ತಿ ಬಣ್ಣ ಅದಕ್ಕೊಂದಕ್ಕೇ ಸಾಕು. ಜಿಪಿ38-2 ಶಾರ್ಟ್‌ಲೈನಿನ ಸ್ವಂತದ್ದಾಗಲಿ, ಸಾಲ ಬ್ಯಾಂಕಿನದು. ಅಂದರೆ ಒಂದಲ್ಲ, ಎರಡು ಕಂಪನಿ ಬೇಕು, ಎರಡರ ಸ್ವಭಾವವೂ ಬೇರೆ.

ಗುರುತಿನ ವಿಷಯ: ಎಂಎಂಪಿಎಲ್‌ಎಕ್ಸ್ ನಡೆಯೋದಿಲ್ಲ, ಐದು ಅಕ್ಷರ ಆಯಿತು. ರಿಪೋರ್ಟಿಂಗ್ ಮಾರ್ಕ್, ಅಂದರೆ ಮಾಲೀಕರ ಗುರುತು, ಎರಡರಿಂದ ನಾಲ್ಕು ಅಕ್ಷರ. ಕೊನೆಗೆ ಎಕ್ಸ್ ಇದ್ದರೆ ಮಾಲೀಕರು ಸಾರ್ವಜನಿಕ ಸಾಗಣೆಯ ರೈಲ್ವೆ ಅಲ್ಲ ಎಂದರ್ಥ. ಯು ಇದ್ದರೆ ಕಂಟೇನರ್, ಜೆಡ್ ಇದ್ದರೆ ಟ್ರೇಲರ್. ಎಂಎಲ್‌ಪಿಎಕ್ಸ್ ಅಂತ ಮೊಟಕು ಮಾಡಿ, ಆಮೇಲೆ ನಿಜವಾಗಿ ಯಾರಿಗಾದರೂ ಕೊಟ್ಟಿದ್ದಾರೆಯೇ ಹುಡುಕಿ. ಅಲ್ಲಿ ಗುರುತು ಹಂಚುವುದು ರೈಲಿಂಕ್ ಸಂಸ್ಥೆ. ಓಕ್‌ವೇ ಗುರುತು ಒಡಬ್ಲ್ಯುವೈ, ಕೊನೆಗೆ ಎಕ್ಸ್ ಇಲ್ಲ. ಅಂಥದ್ದೂ ಉಂಟು, ಆದರೆ ಕಾಲ್ಪನಿಕ ಕಂಪನಿಗೆ ಎಕ್ಸ್ ಇರಲಿ. ನೋಡಿದವರಿಗೆ ವಿವರಿಸುವ ಕೆಲಸ ತಪ್ಪುತ್ತದೆ.

ಹೆಸರಿನಲ್ಲೂ ಸ್ವಭಾವ ಕಾಣಬೇಕು. ಡೀಲರ್ ಆದರೆ ಈಕ್ವಿಪ್‌ಮೆಂಟ್, ಎಲೆಕ್ಟ್ರಿಕ್, ಸಪ್ಲೈ ಇಂಥ ಬಾಲ ಒಪ್ಪುತ್ತದೆ. ದುಡ್ಡಿನವರಾದರೆ ಕ್ಯಾಪಿಟಲ್, ಕ್ರೆಡಿಟ್. ‘ಮಲಪ್ರಭಾ ರೈಲ್ವೆ ಸಪ್ಲೈ’ ಅಂದ ಕೂಡಲೇ ಗ್ರೀಸ್ ಮೆತ್ತಿದ ಅಂಗಳ ಕಣ್ಣಿಗೆ ಬರುತ್ತದೆ, ‘ಘಟಪ್ರಭಾ ರೈಲ್ ಕ್ಯಾಪಿಟಲ್’ ಅಂದರೆ ಎಸಿ ಹಾಕಿದ ಆಫೀಸು. ಮಲಪ್ರಭಾ ಅಮೆರಿಕಕ್ಕೆ ಹೇಗೆ ಹರಿಯಿತು ಅಂತ ಕೇಳುವವರು ಇರುತ್ತಾರೆ. ಕೇಳಲಿ ಬಿಡಿ.

---

ತೊರವಿ_ಯಾರ್ಡ್, ವಿಜಯಪುರ

ಮ್ಯಾಲಿನವ್ರು ಲೆಕ್ಕಪತ್ರ ಹೇಳ್ಯಾರ, ನಾ ಬಣ್ಣದ ಕೆಲಸ ಹೇಳ್ತೀನ್ರಿ.

ಎಚ್‌ಒದಾಗ ಒಂದು ಅಡಿ ಅಂದ್ರ 3.5 ಮಿ.ಮೀ. ಕ್ಯಾಬ್ ಬದಿಗೆ 16 ಇಂಚಿನ ಅಂಕಿ ಬೇಕಂದ್ರ 4.7 ಮಿ.ಮೀ., 12 ಇಂಚಿಂದು 3.5, 9 ಇಂಚಿಂದು 2.6. ಗುರುತು ಸಣ್ಣದು, ನಂಬರ್ ದೊಡ್ಡದು ಇಡ್ರಿ. ಪ್ಯಾಚ್ ಚೌಕ ಅಕ್ಷರಕ್ಕಿಂತ ಸುತ್ತಲೂ ಒಂದು ಒಂದೂವರೆ ಮಿ.ಮೀ. ಹೆಚ್ಚಿರ್ಲಿ, ಅದಕ್ಕಿಂತ ಹೆಚ್ಚು ಬ್ಯಾಡ.

ನಿಮ್ಮ ಕಡೆ ಕಪ್ಪು ಲೇಸರ್ ಪ್ರಿಂಟರ್ ಅಷ್ಟ ಐತಿ ಅಂದ್ರಿ. ಮನಿ ಪ್ರಿಂಟರಿಗೆ ಬಿಳಿ ಅಕ್ಷರ ಹೊಡಿಯೋಕ ಬರೂದಿಲ್ಲ. ಹಂಗಿದ್ರ ಪ್ರಿಂಟರಿಗೆ ತಕ್ಕ ಕಂಪನಿ ಮಾಡ್ರಿ! ಡೀಲರ್ ಪ್ಯಾಚ್ ಬಿಳಿ ಇಲ್ಲಾ ತಿಳಿ ಬೂದು ಇರ್ಲಿ, ಅದರ ಮ್ಯಾಲ ಕಪ್ಪು ಅಕ್ಷರ. ಪಾರದರ್ಶಕ ಡೆಕಾಲ್ (ನೀರಾಗ ಅದ್ದಿ ಹಚ್ಚೂ ತೆಳ್ಳನ ಅಕ್ಷರದ ಪದರ) ಕಾಗದದಾಗ ಹೊಡದ್ರ ಆತು. ಡ್ಯಾಶ್ 8ಕ್ಕ ಮೈ ಬಣ್ಣ ಹಳದಿನೋ ತಿಳಿ ಬೂದೋ ಇಟ್ರ ಅಲ್ಲೂ ಕಪ್ಪು ಅಕ್ಷರದಾಗ ಮುಗೀತೈತಿ. ಕಡುನೀಲಿ ಮೈ ಮ್ಯಾಲ ಬಿಳಿ ಪಟ್ಟಿ ಬೇಕಂತ ಹಟ ಇದ್ರ ಉಲ್ಟಾ ಮಾಡ್ರಿ. ಮೊದಲ ಬಿಳಿ ಹೊಡದು ಒಣಗಿಸಿ, ಗಾಡಿ ನಂಬರ್ ಪ್ಲೇಟ್ ಮಾಡೂ ರೇಡಿಯಂ ಅಂಗಡಿಯಾಗ ಸ್ಟಿಕ್ಕರ್ ಕತ್ತರಿಸಿ ತಂದು ಹಚ್ಚಿ, ಮ್ಯಾಲ ನೀಲಿ ಹೊಡದು, ಬಣ್ಣ ಇನ್ನೂ ಸ್ವಲ್ಪ ಮೆತ್ತಗಿದ್ದಾಗ ಕಿತ್ತರಿ. ಪಟ್ಟಿ, ದೊಡ್ಡ ಲೋಗೋ ಇದರಾಗ ಚಂದ ಬರ್ತಾವ. 5 ಮಿ.ಮೀ.ಗಿಂತ ಸಣ್ಣ ಅಕ್ಷರ ಕಟಿಂಗ್ ಮಷಿನ್ ಬ್ಲೇಡಿಗೇ ಎದ್ದು ಬರ್ತಾವ, ಅದರಾಗ ಕೈ ಹಾಕಬ್ಯಾಡ್ರಿ.

ಹಳೇ ಹೆಸರು ತೆಗಿಯೂದು: ಫ್ಯಾಕ್ಟರಿ ಅಕ್ಷರದ ಮ್ಯಾಲ ನೇರ ಪ್ಯಾಚ್ ಹೊಡದ್ರ ಅಕ್ಷರದ ಅಂಚು ಉಬ್ಬಿ ಕಾಣ್ತೈತಿ. ಮೊದಲ 2000 ನಂಬರ್ ಉಸುಕಿನ ಕಾಗದ ನೀರಾಗ ತೊಯ್ಸಿ ಅದರಲೆ ಹಗೂರಕ ತಿಕ್ಕಿ ಸಪಾಟ ಮಾಡ್ರಿ. ಇಲ್ಲಾ ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಅಕ್ಷರ ಅಷ್ಟ ಉಜ್ಜರಿ. ಕೆಲವು ಬ್ರ್ಯಾಂಡಿನಾಗ ಅಕ್ಷರ ಹೋಗಿ ಅಡಿ ಬಣ್ಣ ಉಳೀತೈತಿ, ಕೆಲವುದರಾಗ ಎರಡೂ ಕೂಡಿ ಬರ್ತಾವ. ಶೆಲ್ಲಿನ (ಇಂಜಿನ್ನಿನ ಪ್ಲಾಸ್ಟಿಕ್ ಮೈ) ಒಳಗಿನ ಮೂಲ್ಯಾಗ, ಇಲ್ಲಾ ಟ್ಯಾಂಕಿನ ತಳಕ್ಕ ಮೊದಲ ಪರೀಕ್ಷೆ ಮಾಡ್ರಿ. ಹೆಸರು ಪೂರ್ತಿ ಅಳಿಸಿ ಹೋಗೂದು ಬ್ಯಾಡ, ದೆವ್ವದಂಗ ಒಂಚೂರು ಕಂಡ್ರನ ಡೀಲರ್ ಇಂಜಿನ್ ಅನಸ್ತೈತಿ.

ಡೆಕಾಲ್ ಹಚ್ಚೂದು. ಮೊದಲ ಹೊಳಪಿನ (ಗ್ಲಾಸಿ) ಕ್ಲಿಯರ್ ಒಂದು ಕೋಟ್, ಒಂದು ದಿನ ಒಣಗಲಿ. ಈ ಕೋಟ್ ಬಿಟ್ರ ಏನಾಗ್ತೈತಿ ಅಂದ್ರ, ಮ್ಯಾಟ್ (ಹೊಳಪಿಲ್ಲದ) ಬಣ್ಣ ಒಳಗ ಒರಟೊರಟು ಇರ್ತೈತಿ, ಡೆಕಾಲ್ ಅಡಿ ಗಾಳಿ ಸಿಕ್ಕಿ ಬೆಳ್ಳಿಹಂಗ ಹೊಳೀತೈತಿ. ಆಮ್ಯಾಲ ಏನು ಮಾಡಿದ್ರೂ ಹೋಗೂದಿಲ್ಲ. ಡೆಕಾಲ್ ಅಕ್ಷರದ ಹತ್ತರ ಕತ್ತರಿಸಿ, ಉಗುರುಬೆಚ್ಚಗಿನ ನೀರಾಗ 15-20 ಸೆಕೆಂಡ್ ಅದ್ದಿ, ಹೊರಗ ತೆಗದು ಕಾಗದದ ಮ್ಯಾಲ ಜಾರೂ ತನಕ ಕಾಯ್ರಿ. ಅಡಿಗೆ ಮೈಕ್ರೋ ಸೆಟ್ (ಡೆಕಾಲ್ ಹಿಡಿಸೂ ದ್ರವ), ಕೂತ ಮ್ಯಾಲ ಮೈಕ್ರೋ ಸಾಲ್ (ಡೆಕಾಲ್ ಮೆತ್ತಗ ಮಾಡೂ ದ್ರವ). ಸಾಲ್ ಬಿದ್ದ ಕೂಡ್ಲೆ ಡೆಕಾಲ್ ಸುಕ್ಕಾಗ್ತೈತಿ. ಗಾಬರ್ಯಾಗಿ ಬಟ್ಟು ಹಚ್ಚಬ್ಯಾಡ್ರಿ, ತಾನ ಕೂತು ರಿವೆಟ್‌ಗೆ ಅಂಟಿಕೋತೈತಿ. ಗುಳ್ಳಿ ಉಳದ್ರ ಸೂಜಿ ಚುಚ್ಚಿ ಮತ್ತೊಂದು ಹನಿ ಸಾಲ್. ಕಡೀಕ ಮ್ಯಾಟ್ ಕೋಟ್.

ನೀರು! ನಮ್ಮ ಕಡೆ ಬೋರಿನ ಸವಳು ನೀರಾಗ ಅದ್ದಿದ್ರ ಒಣಗಿದ ಮ್ಯಾಲ ಡೆಕಾಲ್ ಸುತ್ತ ಬಿಳಿ ಕಲಿ ಬೀಳ್ತೈತಿ, ಕಪ್ಪು ಇಂಜಿನ್ ಮ್ಯಾಲ ಅಂತೂ ಕೇಳೋದೇ ಬ್ಯಾಡ. ಆರ್‌ಓ ನೀರು ಇಲ್ಲಾ ಬ್ಯಾಟರಿಗೆ ಹಾಕೂ ಡಿಸ್ಟಿಲ್ಡ್ ನೀರು ಬಳಸ್ರಿ.

ಹವಾಮಾನನೂ ನೋಡಬೇಕ್ರಿ. ಬೆಳಗಾವಿ ಮಳಿಗಾಲದಾಗ ಸ್ಪ್ರೇ ಕ್ಯಾನ್ ಲ್ಯಾಕರ್ ಹೊಡದ್ರ ಬಿಳಿ ಮಂಜು ಕಟ್ಟತೈತಿ. ಥಿನ್ನರ್ ಆರುವಾಗ ಮೈ ತಣ್ಣಗಾಗಿ ಗಾಳಿಯೊಳಗಿನ ನೀರು ಅದರ ಮ್ಯಾಲ ಕೂಡ್ತೈತಿ, ಅದಕ್ಕ. ಮಳಿ ಹಿಡಿದ ವಾರ ಕ್ಯಾನ್ ಮುಟ್ಟಬ್ಯಾಡ್ರಿ, ಇಲ್ಲಾ ಅಕ್ರಿಲಿಕ್ ಏರ್‌ಬ್ರಷ್‌ದಾಗ ಹೊಡೀರಿ. ನಮ್ಮ ವಿಜಯಪುರ, ಬಾಗಲಕೋಟಿ ಬ್ಯಾಸಗಿದು ಉಲ್ಟಾ ಕತಿ. ಬಣ್ಣ ನಾಝಲಿನಿಂದ ಇಂಜಿನ್ ಮುಟ್ಟೂದರಾಗನ ಒಣಗಿ ಧೂಳು ಬಿದ್ದಂಗ ಒರಟು ಆಗ್ತೈತಿ. ಬೆಳಿಗ್ಗೆ ಏಳರೊಳಗ ಹೊಡೀರಿ, ಬಣ್ಣ ನಿಧಾನಕ್ಕ ಒಣಗಿಸೂ ರಿಟಾರ್ಡರ್ ನಾಕ ಹನಿ ಹಾಕ್ರಿ, ಅಂತರ ಕಡಿಮಿ ಮಾಡ್ರಿ.

---

ಕುಂದಾನಗರಿ_ಎಚ್‌ಒ

ಭಾಳ ಉಪಕಾರ ಆತ್ರೀ ಇಬ್ಬರಿಗೂ. ಪ್ರಿಂಟರಿಗೆ ತಕ್ಕ ಕಂಪನಿ ಅನ್ನೋ ಮಾತು ಹಿಡಿಸಿತು. ಇನ್ನೊಂದು ಇದೆ. ಬಾಡಿಗೆ ಇಂಜಿನ್ ಅಂದ ಮೇಲೆ ಬರಬೇಕು, ಹೋಗಬೇಕು. ಕರಾರು ಮುಗಿದ ಇಂಜಿನ್ನನ್ನು ಬಂದ್ ಮಾಡಿ, ಗೂಡ್ಸ್ ರೈಲಿನ ನಡುವೆ ವ್ಯಾಗನ್ ತರಹ ಜೋಡಿಸಿ ಇಂಟರ್‌ಚೇಂಜಿಗೆ ಕಳಿಸಬೇಕು ಅಂತಿದ್ದೇನೆ. ಡಿಸಿಸಿ (ಪ್ರತಿ ಇಂಜಿನ್ನನ್ನೂ ಅದರದೇ ವಿಳಾಸದಿಂದ ಬೇರೆಯಾಗಿ ಓಡಿಸುವ ಡಿಜಿಟಲ್ ವ್ಯವಸ್ಥೆ) ಇದೆ. ತೊಂದರೆ ಏನಾದರೂ ಇದೆಯೇ?

---

ಸಿವಿ_29, ಬೆಳಗಾವಿ

ಇದೆ. ಮಾಡೆಲ್ ಇಂಜಿನ್ನಿನಲ್ಲಿ ಮೋಟಾರಿನಿಂದ ಚಕ್ರಕ್ಕೆ ಶಕ್ತಿ ಹೋಗುವುದು ವರ್ಮ್ ಗೇರ್ (ಸ್ಕ್ರೂ ತರಹದ ಗೇರ್) ಮೂಲಕ. ವರ್ಮ್ ಚಕ್ರವನ್ನು ತಿರುಗಿಸುತ್ತದೆ, ಆದರೆ ಚಕ್ರ ವರ್ಮನ್ನು ತಿರುಗಿಸಲಾರದು. ಬಂದ್ ಇಂಜಿನ್ ಎಳೆದರೆ ಎಲ್ಲ ಚಕ್ರವೂ ಜಾಮ್ ಆಗಿ ಹಳಿ ಮೇಲೆ ಉಜ್ಜಿಕೊಂಡು ಬರುತ್ತವೆ, ತಿರುವಿನಲ್ಲಿ ಅದರ ಮುಂದಿನ ವ್ಯಾಗನ್ ಎಳೆತಕ್ಕೆ ಒಳಬದಿಗೆ ಬೀಳುತ್ತದೆ. ದಾರಿ ಎರಡು.

ಒಂದು, ಅದನ್ನೂ ಎಳೆಯುವ ಇಂಜಿನ್ ಜೊತೆ ಕನ್ಸಿಸ್ಟ್ ಮಾಡಿ (ಎರಡೂ ಒಂದೇ ಆಜ್ಞೆಗೆ ಓಡುವಂತೆ ಜೋಡಿಸಿ), ಸದ್ದು ಮತ್ತು ದೀಪ ಆರಿಸಿ. ಮ್ಯೂಟ್ ಬಹಳ ಡಿಕೋಡರುಗಳಲ್ಲಿ (ಇಂಜಿನ್ ಒಳಗಿನ ಡಿಸಿಸಿ ಬೋರ್ಡ್) ಎಫ್8 ಬಟನ್ನಿನಲ್ಲಿ ಇರುತ್ತದೆ. ನೋಡುವವರಿಗೆ ಸತ್ತ ಇಂಜಿನ್, ನಿಜಕ್ಕೆ ತಾನೇ ನಡೆಯುತ್ತಿರುತ್ತದೆ. ಆದರೆ ಇದು ರೈಲಿನ ಮುಂಭಾಗದಲ್ಲಿ, ಎಳೆಯುವ ಇಂಜಿನ್ನಿನ ಬೆನ್ನಿಗೇ ಇರಬೇಕು. ನಡುವೆ ಇಟ್ಟರೆ ವೇಗದ ಚೂರು ವ್ಯತ್ಯಾಸಕ್ಕೂ ವ್ಯಾಗನ್ ಹಿಂಡಿ ಹೊರಗೆ ಹಾಕುತ್ತದೆ. ಇನ್ನೊಂದು, ಒಂದು ಇಂಜಿನ್ನನ್ನು ಕಾಯಂ ಸತ್ತದ್ದು ಅಂತ ಇಟ್ಟು ಅದರ ಡ್ರೈವ್ ಶಾಫ್ಟ್ ಮತ್ತು ವರ್ಮ್ ಎರಡನ್ನೂ ತೆಗೆಯಿರಿ. ಶಾಫ್ಟ್ ಮಾತ್ರ ತೆಗೆದರೆ ಸಾಲದು. ವರ್ಮ್ ಚಕ್ರದ ಚೌಕಟ್ಟಿನಲ್ಲೇ ಉಳಿದರೆ ಜಾಮ್ ಹಾಗೇ ಇರುತ್ತದೆ. ನಿಮ್ಮದು ಐದೇ ಇಂಜಿನ್, ಮೊದಲನೆಯದೇ ಸರಿ.

ಕನ್ಸಿಸ್ಟ್ ಅಂದ ಮೇಲೆ ವೇಗ ಹೊಂದಿಸಲೇಬೇಕು. ಬೇರೆ ಬೇರೆ ಕಂಪನಿಯ ಮಾಡೆಲ್, ಮೋಟಾರೂ ಗೇರ್ ಅನುಪಾತವೂ ಬೇರೆ. ಎಲ್ಲಕ್ಕಿಂತ ನಿಧಾನದ್ದನ್ನು ಅಳತೆಗೋಲು ಮಾಡಿ, ಉಳಿದವನ್ನು ಅದಕ್ಕೆ ಇಳಿಸಿ. ವೇಗದ್ದನ್ನು ಇಳಿಸಬಹುದು, ನಿಧಾನದ್ದನ್ನು ಏರಿಸಲು ಆಗೋದಿಲ್ಲ. ಸಿವಿ ಅಂದರೆ ಡಿಕೋಡರಿನ ಒಂದೊಂದು ಸೆಟ್ಟಿಂಗ್. ಮೊದಲು ಸಿವಿ3, ಸಿವಿ4 ಎರಡನ್ನೂ ಸೊನ್ನೆ ಮಾಡಿ. ಇಲ್ಲದಿದ್ದರೆ ಮೊಮೆಂಟಮ್ (ವೇಗ ನಿಧಾನವಾಗಿ ಏರಿಸಿ ಇಳಿಸುವುದು) ಅಡ್ಡ ಬಂದು ಅಳತೆ ಸುಳ್ಳಾಗುತ್ತದೆ. ಆಮೇಲೆ ಸಿವಿ2ರಿಂದ ಹೊರಡುವ ವೇಗ, ಸಿವಿ5ರಿಂದ ಗರಿಷ್ಠ, ಸಿವಿ6ರಿಂದ ನಡುವಿನದು. ಒಂದೇ ಹಳಿಯಲ್ಲಿ ಎರಡನ್ನೂ ಒಂದಡಿ ಅಂತರದಲ್ಲಿ ಬಿಟ್ಟು, ಅಂತರ ಕೂಡುತ್ತದೋ ಕಳೆಯುತ್ತದೋ ನೋಡಿ ತಿದ್ದಿ. ಕೊನೆಗೆ ಎಲ್ಲಕ್ಕೂ ಒಂದೇ ಮೊಮೆಂಟಮ್ ವಾಪಸ್ ಹಾಕಿ.

ನಂಬರ್ ಇಡುವಾಗಲೇ ಡಿಸಿಸಿ ನೆನಪಿರಲಿ. ವಿಳಾಸದಲ್ಲಿ ಗುರುತಿನ ಅಕ್ಷರ ಬರೋದಿಲ್ಲ, ಅಂಕಿ ಮಾತ್ರ. ಎಂಎಲ್‌ಪಿಎಕ್ಸ್ 3017 ಮತ್ತು ನಿಮ್ಮ ಶಾರ್ಟ್‌ಲೈನಿನ 3017 ಎರಡೂ ಇದ್ದರೆ ಒಂದೇ ಬಟನ್ನಿಗೆ ಎರಡೂ ಹೊರಡುತ್ತವೆ. 127ರವರೆಗೆ ಚಿಕ್ಕ ವಿಳಾಸ, ಅದರ ಮೇಲೆ ಉದ್ದ ವಿಳಾಸ. ಮೂರಂಕಿ ನಂಬರ್ ಇಟ್ಟರೆ ಯಾವುದು ಚಿಕ್ಕದು ಯಾವುದು ಉದ್ದದ್ದು ಅನ್ನೋ ಗೊಂದಲ, ಆದ್ದರಿಂದ ನಾಲ್ಕಂಕಿಯೇ ಇರಲಿ. ಕೈಯಾರೆ ಬರೆಯುವುದಾದರೆ 3017ನ್ನು 256ರಿಂದ ಭಾಗಿಸಿ: ಭಾಗಲಬ್ಧ 11, ಶೇಷ 201. 11ಕ್ಕೆ 192 ಕೂಡಿಸಿ ಸಿವಿ17ಕ್ಕೆ 203, ಸಿವಿ18ಕ್ಕೆ 201, ಸಿವಿ29ಕ್ಕೆ 32 ಕೂಡಿಸಬೇಕು. ಸಾಮಾನ್ಯವಾಗಿ 6 ಇದ್ದದ್ದು 38 ಆಗುತ್ತದೆ. ಕನ್ಸಿಸ್ಟ್ ವಿಳಾಸ ಸಿವಿ19ರಲ್ಲಿ, ಇಂಜಿನ್ ಹಿಂದುಮುಂದಾಗಿ ನಿಂತಿದ್ದರೆ ಅದಕ್ಕೆ 128 ಕೂಡಿಸಿ. ಲೀಸ್ ಮುಗಿದ ಮೇಲೆ ಸಿವಿ19 ಸೊನ್ನೆ ಮಾಡುವುದು ಮರೆತರೆ ಮುಂದಿನ ಸಲ ಇಂಜಿನ್ ತನ್ನ ನಂಬರಿಗೆ ಓಗೊಡೋದಿಲ್ಲ, ಡಿಕೋಡರ್ ಸುಟ್ಟಿತು ಅಂತ ಶೆಲ್ ಬಿಚ್ಚುವವರು ಬಹಳ ಮಂದಿ.

---

ಡಬಲ್‌ಹೆಡ್ಡರ್

ಓಡಾಟದ ಬಗ್ಗೆ ಒಂದಿಷ್ಟು. ಪ್ರತಿ ಬಾಡಿಗೆ ಇಂಜಿನ್ನಿಗೂ ಒಂದು ಕಾರ್ಡ್ ಮಾಡಿ: ಗುರುತು, ನಂಬರ್, ಬಂದ ತಾರೀಖು, ಹಿಂದಿರುಗಿಸುವ ತಾರೀಖು, ಮುಂದಿನ ತಪಾಸಣೆ. ಅಮೆರಿಕದ ನಿಯಮದಲ್ಲಿ ಆ ಕಾಲದ ಇಂಜಿನ್ನಿಗೆ 92 ದಿನಕ್ಕೊಮ್ಮೆ ತಪಾಸಣೆ ಕಡ್ಡಾಯ. ಅದನ್ನು ಬರೆದ ಕಾರ್ಡ್ ಕ್ಯಾಬಿನಲ್ಲೇ ಇರುತ್ತದೆ, ಹಾಗಾಗಿ ಇದು ನಾವು ಹುಟ್ಟಿಸಿದ ಆಟವೂ ಅಲ್ಲ. ತಪಾಸಣೆ ತಾರೀಖು ಲೀಸಿನ ನಡುವೆ ಬಿದ್ದರೆ ಆ ದಿನ ಒಂದು ಇಂಜಿನ್ ಕಡಿಮೆ, ಧಾನ್ಯದ ರೈಲು ಎರಡು ಕಂತಿನಲ್ಲಿ ಹೋಗಬೇಕು. 12 ಅಡಿ ಶೆಲ್ಫಿನಲ್ಲಿ ಒಂದು ಸಂಜೆಯ ಕೆಲಸ ಸಿಕ್ಕಿತು.

ಡೀಲರ್ ಇಂಜಿನ್ನನ್ನು ಸಾಧ್ಯವಾದಷ್ಟು ಎರಡನೇ ಸ್ಥಾನದಲ್ಲಿ ಇಡಿ. ಕ್ಯಾಬ್ ಸಿಗ್ನಲ್ (ಚಾಲಕನ ಕ್ಯಾಬಿನೊಳಗೇ ಕಾಣುವ ಸಿಗ್ನಲ್) ಇರುವ ಮಾರ್ಗದಲ್ಲಿ ಆ ಉಪಕರಣ ಇಲ್ಲದ ಬಾಡಿಗೆ ಇಂಜಿನ್ ಮುಂದಾಳು ಆಗುವಂತಿಲ್ಲ. ಹಿಂದೆ ಜೋಡಿಸಲು ಮಾತ್ರ ತೊಂದರೆ ಇಲ್ಲ, ಹಲವು ಇಂಜಿನ್‌ಗಳನ್ನು ಒಂದೇ ಕ್ಯಾಬಿನಿಂದ ನಡೆಸುವ 27 ಪಿನ್ನಿನ ಎಂಯು ಕೇಬಲ್ ಎಲ್ಲ ರೈಲ್ವೆಗೂ ಒಂದೇ. ಡಿಚ್ ಲೈಟ್ (ಇಂಜಿನ್ ಮುಂದೆ ಕೆಳಗಿನ ಜೋಡಿ ದೀಪ) ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಕಡ್ಡಾಯವಾದದ್ದು 1997ರ ಕೊನೆಗೆ, 1995ರಲ್ಲಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

---

ಕೂಡಗಿ_ಸೈಡಿಂಗ್, ವಿಜಯಪುರ

ಇಷ್ಟೆಲ್ಲ ಮಾಡುವವರು ಅಮೆರಿಕಕ್ಕೆ ಯಾಕೆ ಹೋಗಬೇಕು ಅಣ್ಣಾ? ನಮ್ಮಲ್ಲೇ ಜಾಗ ಇದೆ. ಕೂಡಗಿಯ ಎನ್‌ಟಿಪಿಸಿ ಸ್ಥಾವರದಲ್ಲಿ 800 ಮೆಗಾವ್ಯಾಟಿನ ಮೂರು ಘಟಕ. ಅಂಥ ಸ್ಥಾವರಕ್ಕೆ ಕಲ್ಲಿದ್ದಲಿನ ಗೂಡ್ಸ್ ರೈಲು ಒಂದರ ಹಿಂದೆ ಒಂದು ಬರಲೇಬೇಕು. ಮೇನ್‌ಲೈನಿನಲ್ಲಿ ಎಲೆಕ್ಟ್ರಿಕ್ ಇಂಜಿನ್ ಎಳೆದು ತಂದರೂ ವ್ಯಾಗನ್ ಮಗುಚುವ ಟಿಪ್ಲರ್ ಇರುವಲ್ಲಿ ಮೇಲೆ ತಂತಿ ಕಟ್ಟಲಾಗದು, ಅಲ್ಲಿಗೆ ಡೀಸೆಲ್ ಶಂಟರ್ ಬೇಕೇ ಬೇಕು. ಸ್ಥಾವರ, ಸಿಮೆಂಟ್, ಉಕ್ಕು ಇಂಥ ಕಡೆಗಳಿಗೆ ಇಂಜಿನ್ ಬಾಡಿಗೆಗೆ ಕೊಡುವ ವ್ಯವಹಾರ ಇಲ್ಲೂ ಇದೆ, ಸರ್ಕಾರಿ ಕಂಪನಿ ರೈಟ್ಸ್ ಅದನ್ನು ಮಾಡುತ್ತದೆ. ಒಂದು ಡಬ್ಲ್ಯುಡಿಎಸ್6 ಶಂಟರ್, ಒಂದು ಟಿಪ್ಲರ್, ಮೂರು ಹಳಿ. ನಿಮ್ಮ ಶೆಲ್ಫಿಗೆ ಇದೇ ಲಾಯಕ್ಕು. ಮೈ ಮೇಲೆ ನಮ್ಮ ಡೋಣಿ ಹೊಳೆಯ ಹೆಸರಿಟ್ಟು ಕನ್ನಡದಲ್ಲೇ ‘ಡೋಣಿ ಲೋಕೋ ಬಾಡಿಗೆ’ ಅಂತ ಬರೆಸಬಹುದು. ಹಳೇ ಬಣ್ಣ ತೆಗೆಯೋಕೆ ಬ್ರೇಕ್ ಆಯಿಲ್‌ನಲ್ಲಿ ಒಂದು ರಾತ್ರಿ ನೆನೆಸಿಟ್ಟರೆ ಆಯಿತು.

---

ತೊರವಿ_ಯಾರ್ಡ್

ಬ್ರೇಕ್ ಆಯಿಲ್ ಮಾತ್ರ ಬ್ಯಾಡ್ರಿ! ಬಣ್ಣ ಬಿಡಸ್ತೈತಿ ಖರೆ, ಆದ್ರ ಕೆಲವು ಪ್ಲಾಸ್ಟಿಕ್ ಗರಿಗರಿ ಆಗಿ ಹ್ಯಾಂಡ್‌ರೇಲ್ ತೂತಿನ ಹತ್ತರ ಬಿರುಕು ಬಿಡ್ತೈತಿ, ಕೈ ಚರ್ಮಕ್ಕೂ ಛಲೋ ಅಲ್ಲ. ಐಸೊಪ್ರೊಪೈಲ್‌ದಾಗ ಮುಚ್ಚಳ ಇರೂ ಡಬ್ಬಿಯೊಳಗ ನೆನಸಿ, ಅರ್ಧ ತಾಸಿಗೊಮ್ಮೆ ತೆಗದು ಹಳೇ ಹಲ್ಲಿನ ಬ್ರಷ್‌ಲೆ ತಿಕ್ಕರಿ. ಕಿಟಕಿ ಗಾಜು, ಡಿಕೋಡರ್ ಬೋರ್ಡ್ ಮೊದಲ ಹೊರಗ ತೆಗೀರಿ, ಒಲಿ ಹತ್ತರ ಇಡಬ್ಯಾಡ್ರಿ.

ಕನ್ನಡ ಅಕ್ಷರ ಬರಸೂದು ಛಲೋ ವಿಚಾರ, ಆದ್ರ ಅದಕ್ಕ ಬ್ಯಾರೆ ಲೆಕ್ಕ ಐತಿ. ಇಂಗ್ಲಿಷ್ ದೊಡ್ಡಕ್ಷರ 2.6 ಮಿ.ಮೀ. ಎತ್ತರದಾಗ ಓದೋಕ ಬರ್ತೈತಿ. ಕನ್ನಡದಾಗ ಅಷ್ಟ ಎತ್ತರದೊಳಗ ತಲಿಕಟ್ಟು, ಒಳಗಿನ ಸುಳಿ, ಕೆಳಗಿನ ಒತ್ತು ಎಲ್ಲಾ ಹಿಡಸಬೇಕು. ‘ಘ’ದ ಸುಳಿ, ‘ಪ್ರ’ದ ರವತ್ತು ಮಸಿಯಾಗ ತುಂಬಿ ಒಂದು ಗುಡ್ಡಿ ಆಗ್ತಾವ. ಗೆರಿ 0.2 ಮಿ.ಮೀ.ಗಿಂತ ತೆಳ್ಳಗ ಇರಬಾರ್ದು, ಒಳಗಿನ ಖಾಲಿ ಜಾಗಾನೂ ಅಷ್ಟ ಬೇಕು, ಅಂದ್ರ ಒತ್ತು ಬಿಟ್ಟು ಮೂಲ ಅಕ್ಷರನ 4 ಮಿ.ಮೀ. ಇರ್ಲಿ. ಒತ್ತು ಇಲ್ಲದ ಹೆಸರು ಆರಸ್ಕೊಂಡ್ರ ಅರ್ಧ ಕೆಲಸ ಹಗೂರ. ‘ಡೋಣಿ’ ಅದಕ್ಕ ಭೇಷ್, ‘ಘಟಪ್ರಭಾ’ ತ್ರಾಸಿನ ಗಿರಾಕಿ.

ಹೊರಗ ಪ್ರಿಂಟ್ ಮಾಡಿಸಿದ್ರ ಮತ್ತೊಂದು ಗೋಳು. ಬಹಳಷ್ಟು ಅಂಗಡ್ಯಾಗ ಇನ್ನೂ ನುಡಿ ಹಳೇ ಫಾಂಟ್‌ದಾಗ ಕೆಲಸ. ನೀವು ಯೂನಿಕೋಡಿನಾಗ ಟೈಪ್ ಮಾಡಿ ಕಳಿಸಿದ್ದು ಅಲ್ಲಿ ತೆಗದ್ರ ಒತ್ತು ಪಕ್ಕಕ್ಕ ಸರದು ನಿಂತಿರ್ತೈತಿ, ಇಲ್ಲಾ ಬರೇ ಡಬ್ಬಿ ಕಾಣ್ತಾವ. ಇಂಕ್‌ಸ್ಕೇಪ್ ಇಲ್ಲಾ ಕೋರೆಲ್‌ದಾಗ ಅಕ್ಷರನೆಲ್ಲ ಕರ್ವ್ (ಫಾಂಟ್ ಬೇಕಿಲ್ಲದ ಗೆರಿಚಿತ್ರ) ಮಾಡಿ ಪಿಡಿಎಫ್ ಕೊಡ್ರಿ. ಅಂಗಡಿಯವ್ರು ‘ಫಿಟ್ ಟು ಪೇಜ್’ ಒತ್ತಿದ್ರ 4 ಮಿ.ಮೀ. ಹೋಗಿ 3.8 ಆಗ್ತೈತಿ. ಪುಟದ ಮೂಲ್ಯಾಗ 50 ಮಿ.ಮೀ. ಗೆರಿ ಒಂದು ಇಟ್ಟು, ಸಾದಾ ಕಾಗದದಾಗ ಮೊದಲ ಹೊಡಿಸಿ ಸ್ಕೇಲ್ ಹಚ್ಚಿ ಅಳೀರಿ, ಆಮ್ಯಾಲ ಡೆಕಾಲ್ ಕಾಗದ ಕೊಡ್ರಿ.

---

ಡಬಲ್‌ಹೆಡ್ಡರ್

ಕೂಡಗಿ ಅವರ ಮಾತು ಒಪ್ಪಿದೆ, ಎರಡು ತಿದ್ದುಪಡಿ ಜೊತೆ. ಭಾರತದ ಸೈಡಿಂಗಿಗೆ ಎಕ್ಸ್ ಗುರುತು ತರಬೇಡಿ, ಅದು ಉತ್ತರ ಅಮೆರಿಕದ ಪದ್ಧತಿ. ಇಲ್ಲಿ ಕಂಪನಿಯ ಹೆಸರು, ಇಂಜಿನ್ ಕ್ಲಾಸ್, ನಂಬರ್ ಸಾಕು. ಮೇನ್‌ಲೈನಿನ ಇಂಜಿನ್ನಿಗೆ ಖಾಸಗಿ ಲೀಸಿಂಗ್ ಬಣ್ಣ ಬಳಿಯುವ ಆಸೆಯೂ ಬೇಡ. ರೈಲ್ವೆಗೆ ದುಡ್ಡು ಹೊಂದಿಸಲು 1986ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಐಆರ್‌ಎಫ್‌ಸಿ ಸಾಲ ಎತ್ತಿ ಇಂಜಿನ್, ಬೋಗಿ ಕೊಂಡು ರೈಲ್ವೆಗೆ 30 ವರ್ಷದ ಲೀಸಿಗೆ ಕೊಡುತ್ತದೆ, ಆದರೆ ಇಂಜಿನ್ ಮೈ ಮೇಲೆ ಭಾರತೀಯ ರೈಲ್ವೆಯದೇ ಬಣ್ಣ, ಶೆಡ್ಡಿನದೇ ಹೆಸರು. ಇದು ನಾನು ಮೊದಲು ಹೇಳಿದ ಬ್ಯಾಂಕಿನ ಬಗೆ. ಇನ್ನು ಗೇಜ್: ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ ಎಚ್‌ಒದಲ್ಲಿ 19.2 ಮಿ.ಮೀ. ಆಗಬೇಕು, ಸಿಗುವ ಹಳಿ 16.5. ಎಲ್ಲರೂ 16.5ರಲ್ಲೇ ಓಡಿಸುತ್ತಾರೆ, ಮುಂದಿನಿಂದ ಫೋಟೋ ತೆಗೆದಾಗ ಮಾತ್ರ ಇಂಜಿನ್ ಸ್ವಲ್ಪ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ.

ಆದರೆ ಕುಂದಾನಗರಿಯವರ ಕೈಯಲ್ಲಿ ಇರುವುದು ಎಸ್‌ಡಿ40-2. ಅದನ್ನು ಡಬ್ಲ್ಯುಡಿಎಸ್6 ಮಾಡಲು ಬರೋದಿಲ್ಲ.

---

ಕುಂದಾನಗರಿ_ಎಚ್‌ಒ

ಹೌದ್ರೀ, ಇದ್ದುದರಲ್ಲೇ ಮಾಡುವುದು. ಡೋಣಿ ಮುಂದಿನ ಸಲಕ್ಕಿರಲಿ. ಈಗಿನ ಪಟ್ಟಿ ಹೀಗೆ:

ಮಲಪ್ರಭಾ ರೈಲ್ವೆ ಸಪ್ಲೈ, ಡೀಲರ್. ಎಸ್‌ಡಿ40-2 ಎರಡು ಮತ್ತು ಜಿಪಿ40. ಹಳೇ ಬಣ್ಣ ಹಾಗೇ, ಬಿಳಿ ಪ್ಯಾಚ್, ಕಪ್ಪು ಅಕ್ಷರ. ನಂಬರ್ 3001, 3002, 3003. ಸುಗ್ಗಿಗೆ ಎರಡು ತಿಂಗಳ ಕರಾರು, ರಿಪೇರಿ ಡೀಲರನದು.

ಘಟಪ್ರಭಾ ರೈಲ್ ಕ್ಯಾಪಿಟಲ್. ಡ್ಯಾಶ್ 8-40ಬಿ, ಪೂರ್ತಿ ಹಳದಿ, ಕಪ್ಪು ಅಕ್ಷರ. ನಂಬರ್ 8104. ಐದು ವರ್ಷದ ಕರಾರು.

ಶಾರ್ಟ್‌ಲೈನಿನ ಸ್ವಂತ ಜಿಪಿ38-2, ನಂಬರ್ 2001, ಫ್ರೇಮಿಗೆ ಬ್ಯಾಂಕಿನ ತಗಡು.

ಏನಾದರೂ ಬಿಟ್ಟು ಹೋಗಿದೆಯೇ?

---

ಡಬಲ್‌ಹೆಡ್ಡರ್

ಮಲಪ್ರಭಾದ ನಂಬರ್ ತೀರಾ ಅಚ್ಚುಕಟ್ಟಾಯಿತು. ಮೂರು ರೈಲ್ವೆಯಿಂದ ಬಿಡಿಬಿಡಿಯಾಗಿ ಕೊಂಡ ಇಂಜಿನ್ನಿಗೆ ಸಾಲು ನಂಬರ್ ಬರೋದು ಕಡಿಮೆ, ಎಷ್ಟೋ ಸಲ ಹಳೇ ರೈಲ್ವೆಯ ನಂಬರೇ ಉಳಿದಿರುತ್ತದೆ. 3017, 3188, ಜಿಪಿ40ಗೆ 4208 ಅಂತ ಚದುರಿಸಿ. ಲೇಔಟಿನಲ್ಲಿ ಇಲ್ಲದ ಇಂಜಿನ್ ಇನ್ನೆಷ್ಟೋ ಇವೆ ಅನ್ನೋ ಭಾವನೆ ಇದರಿಂದಲೇ ಬರುತ್ತದೆ. 8104 ಸರಿಯಿದೆ. ಅದು ಒಂದೇ ಕಂತಿನಲ್ಲಿ ಕಟ್ಟಿದ ಪಡೆಯದು, ಹಾಗಾಗಿ 8101, 8102 ಬೇರೆ ಎಲ್ಲೋ ಓಡುತ್ತಿವೆ ಅಂತ ಲೆಕ್ಕ. ಆದರೆ ಕರಾರು ಐದು ವರ್ಷ ಅಂದಿರಿ, ಐದು ವರ್ಷ ಓಡಿದ ಹಳದಿಗೆ ಹೊಗೆಯ ಮಸಿ ಹಿಡಿದಿರಬೇಕು. ಎಕ್ಸಾಸ್ಟ್ ಸುತ್ತ ಕಪ್ಪು ಪೌಡರ್ ಕಾಣಲಿ.

---

ತೊರವಿ_ಯಾರ್ಡ್

ನಂಬರ್ ಬೋರ್ಡ್ ಮರೀಬ್ಯಾಡ್ರಿ. ಕ್ಯಾಬ್ ಬದಿ ನಂಬರ್ ಬದಲಿಸಿ, ಮುಂದಿನ ದೀಪದ ಬಾಜೂ ಇರೂ ಬೋರ್ಡಿನಾಗ ಹಳೇ ನಂಬರ್ ಬಿಟ್ಟವ್ರ ಹೆಚ್ಚು. ಮುಂದ ಎರಡು, ಹಿಂದ ಎರಡು, ಒಟ್ಟು ನಾಲ್ಕು. ಬೋರ್ಡ್ ಬಿಚ್ಚಿ ಬರೂ ಪ್ಲಾಸ್ಟಿಕ್ ಇದ್ರ ಹೊರಗ ತೆಗದು ಆಲ್ಕೋಹಾಲ್‌ಲೆ ಅಂಕಿ ಅಳಿಸ್ರಿ. ಕಪ್ಪು ಹಿನ್ನೆಲಿ ಮ್ಯಾಲ ಬಿಳಿ ಅಂಕಿ ಇದ್ರ ನಿಮ್ಮ ಪ್ರಿಂಟರಿಗೆ ಒಂದು ಯುಕ್ತಿ ಐತಿ: ಪಾರದರ್ಶಕ ಕಾಗದದಾಗ ಕಪ್ಪು ಚೌಕ ಹೊಡದು ಅಂಕಿ ಜಾಗ ಖಾಲಿ ಬಿಡ್ರಿ, ಬಿಳಿ ಪ್ಲಾಸ್ಟಿಕ್ ಮ್ಯಾಲ ಹಚ್ಚರಿ. ಒಳಗಿನ ದೀಪ ಹತ್ತಿದಾಗ ಅಂಕಿ ಬೆಳಗ್ತಾವ. ಲೇಸರ್ ಕಪ್ಪು ಒಂದು ಪದರದಾಗ ಬೆಳಕು ಸೋರ್ತೈತಿ, ಎರಡು ಪದರ ಬೇಕು.

ಮತ್ತ ಇಂಜಿನ್ ಮುಂಭಾಗದ ಕೆಳಗ, ಫ್ರೇಮಿನ ಮ್ಯಾಲ ಸಣ್ಣ ‘ಎಫ್’ ಅಕ್ಷರ ಇರ್ತೈತಿ, ಮುಂದಿನ ತುದಿ ಯಾವುದು ಅಂತ ತೋರಸೂದಕ್ಕ. ಪೂರ್ತಿ ಬಣ್ಣ ಹೊಡದ 8104ಕ್ಕ ಅದನ್ನ ಮತ್ತ ಹಚ್ಚಬೇಕಾಗ್ತೈತಿ, ಎರಡೂ ಬದಿಗೆ.